ಹೊರದೇಶದಲ್ಲಿ ಪಿಎಚ್.ಡಿ.: ದಾರಿಗಳು ಯಾವುವು, ಖರ್ಚು ಯಾರದು?

ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಓದಲು ಅಮೆರಿಕಕ್ಕೋ ಜರ್ಮನಿಗೋ ಹೋದವರು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಬಹುತೇಕ ಊರುಗಳಲ್ಲಿ ಸಿಗುತ್ತಾರೆ. ಅದಕ್ಕೆ ಬ್ಯಾಂಕಿನಲ್ಲಿ ಎಷ್ಟು ಸಾಲ ಬೇಕು, ಯಾವ ಪರೀಕ್ಷೆ ಬರೆಯಬೇಕು ಎಂಬುದನ್ನು ನೆಂಟರಿಷ್ಟರನ್ನು ಕೇಳಿಯೇ ತಿಳಿದುಕೊಳ್ಳಬಹುದು. ಪಿಎಚ್.ಡಿ.ಯ ವಿಷಯ ಬಂದಾಗ ಹಾಗೆ ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಎರಡು ವರ್ಷದ ಎಂ.ಎಸ್.ಗೇ ಇಷ್ಟು ಲಕ್ಷ ಸಾಲವಾದರೆ ಐದು ವರ್ಷದ ಪಿಎಚ್.ಡಿ.ಗೆ ತೋಟವನ್ನೇ ಅಡವಿಡಬೇಕಾದೀತು ಎಂದು ಲೆಕ್ಕ ಹಾಕಿ, ಮಕ್ಕಳ ಆಸೆಯನ್ನು ಅಲ್ಲಿಗೇ ನಿಲ್ಲಿಸುವ ತಂದೆತಾಯಿಯರೂ ಇದ್ದಾರೆ. ಆ ಲೆಕ್ಕದ ಬುಡವೇ ಸರಿಯಿಲ್ಲ. ಹೆಚ್ಚಿನ ದೇಶಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೇ ಹಣ ಕೊಡುತ್ತದೆ. ಕೆಲವು ದೇಶಗಳಲ್ಲಂತೂ ಅದು ತಿಂಗಳ ಸಂಬಳವಿರುವ ಉದ್ಯೋಗ.

ಈ ವಿಚಾರಕ್ಕೆ ಈಗ ತುರ್ತು ಬಂದಿರುವುದಕ್ಕೆ ಇನ್ನೊಂದು ಕಾರಣವಿದೆ. 2021–22ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಸರ್ಕಾರ 2024ರ ಮೇ ತಿಂಗಳಲ್ಲಿ ಕೈಬಿಟ್ಟು, ಮೂರು ವರ್ಷದ ಪದವಿಗೆ ಮರಳಿತು. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಕಾಲೇಜಿನಲ್ಲೋ ಬಿ.ಎಸ್ಸಿ., ಬಿ.ಎ. ಓದುತ್ತಿರುವವರಿಗೆ ಹೊರದೇಶದ ಬಾಗಿಲು ಇದರಿಂದ ಮುಚ್ಚಿತೇ ಎಂಬ ಪ್ರಶ್ನೆ ಸಹಜ. ಉತ್ತರ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಏಕೆಂದರೆ ಪಿಎಚ್.ಡಿ. ಎಂಬ ಒಂದೇ ಹೆಸರಿನಡಿ ಮೂರು ಬೇರೆಬೇರೆ ವ್ಯವಸ್ಥೆಗಳಿವೆ.

ಯಾವ ಡಾಕ್ಟರೇಟ್?

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಡಾಕ್ಟರೇಟ್ ಎಂಬ ಹೆಸರಿನಲ್ಲಿ ಮೂರು ಬಗೆಯ ಪದವಿಗಳಿವೆ. ಸಾಧಕರಿಗೆ ಘಟಿಕೋತ್ಸವದಲ್ಲಿ ಕೊಡುವ ಗೌರವ ಡಾಕ್ಟರೇಟ್ ಒಂದು. ಅದಕ್ಕೆ ಓದು, ಪರೀಕ್ಷೆ ಯಾವುದೂ ಇಲ್ಲ. ಅಮೆರಿಕದಲ್ಲಿ ವೈದ್ಯರು ಪಡೆಯುವ ಎಂ.ಡಿ. ಹಾಗೂ ವಕೀಲರು ಪಡೆಯುವ ಜೆ.ಡಿ. ಪದವಿಗಳು ವೃತ್ತಿ ಡಾಕ್ಟರೇಟ್‌ಗಳು. ಇವುಗಳಿಗೆ ಶುಲ್ಕವೂ ವಿಪರೀತ. ಈ ಲೇಖನದ ವಸ್ತು ಮೂರನೆಯದಾದ ಸಂಶೋಧನಾ ಡಾಕ್ಟರೇಟ್. ಯಾರೂ ಇದುವರೆಗೆ ಉತ್ತರಿಸದ ಒಂದು ಪ್ರಶ್ನೆಯನ್ನು ಹಿಡಿದು, ಅನುಭವಿ ಸಂಶೋಧಕರೊಬ್ಬರ ಮಾರ್ಗದರ್ಶನದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಸಿಕ್ಕ ಉತ್ತರವನ್ನು ಮಹಾಪ್ರಬಂಧವಾಗಿ ಬರೆದು, ಅದನ್ನು ಪರಿಣತರ ಮುಂದೆ ಸಮರ್ಥಿಸಿಕೊಂಡಾಗ ಸಿಗುವ ಪದವಿ ಅದು.

ಎಂ.ಎಸ್ಸಿ.ಗೂ ಪಿಎಚ್.ಡಿ.ಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯವು ವಿದ್ಯಾರ್ಥಿಗೆ ಪಾಠ ಮಾಡುತ್ತದೆ, ಆದ್ದರಿಂದ ಶುಲ್ಕ ಪಡೆಯುತ್ತದೆ. ಪಿಎಚ್.ಡಿ.ಯಲ್ಲಿ ವಿದ್ಯಾರ್ಥಿಯು ವಿಶ್ವವಿದ್ಯಾಲಯಕ್ಕಾಗಿ ದುಡಿಯುತ್ತಾನೆ: ಪ್ರಯೋಗಾಲಯ ನಡೆಸುತ್ತಾನೆ, ಕಿರಿಯರಿಗೆ ಕಲಿಸುತ್ತಾನೆ, ಸಂಸ್ಥೆಯ ಹೆಸರಿನಲ್ಲಿ ಸಂಶೋಧನಾ ಲೇಖನ ಪ್ರಕಟಿಸುತ್ತಾನೆ. ಈ ದುಡಿಮೆಗೆ ಬೆಲೆಯಿದೆ ಎಂಬುದನ್ನು ಹೆಚ್ಚಿನ ದೇಶಗಳು ಒಪ್ಪುತ್ತವೆ. ಆ ಬೆಲೆಯನ್ನು ಯಾವ ರೂಪದಲ್ಲಿ ಕೊಡುತ್ತವೆ ಎಂಬುದರಲ್ಲಷ್ಟೇ ಅವು ಬೇರೆಯಾಗುತ್ತವೆ.

ಅಮೆರಿಕದ ದಾರಿ: ಮೊದಲು ಪಾಠ, ಆಮೇಲೆ ಸಂಶೋಧನೆ

ಅಮೆರಿಕದಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ 5ರಿಂದ 6 ವರ್ಷ ಬೇಕು. ಮೊದಲ ಒಂದೆರಡು ವರ್ಷ ತರಗತಿಯ ಪಾಠಗಳಿರುತ್ತವೆ. ಅದರ ಜೊತೆಗೇ ವಿದ್ಯಾರ್ಥಿಯು ಬೇರೆಬೇರೆ ಪ್ರಾಧ್ಯಾಪಕರ ಕೆಲಸವನ್ನು ನೋಡಿ, ತನ್ನ ಮಾರ್ಗದರ್ಶಕರು ಯಾರೆಂದು ತೀರ್ಮಾನಿಸಿಕೊಳ್ಳುತ್ತಾನೆ. ಆ ಬಳಿಕ ಅರ್ಹತಾ ಪರೀಕ್ಷೆಯೊಂದನ್ನು ದಾಟಬೇಕು. ದಾಟಿದವರು ಸಂಶೋಧನಾ ಪ್ರಸ್ತಾವವನ್ನು ಮಂಡಿಸಿ ಪೂರ್ಣಾವಧಿ ಸಂಶೋಧನೆಗೆ ತೊಡಗುತ್ತಾರೆ. ದಾಟದವರು, ಅಥವಾ ಇದು ತಮಗೆ ಒಗ್ಗುವುದಿಲ್ಲ ಎಂದು ಕಂಡುಕೊಂಡವರು, ಅನೇಕ ವಿಭಾಗಗಳಲ್ಲಿ ಸ್ನಾತಕೋತ್ತರ ಪದವಿ ಪಡೆದು ಹೊರಬರಬಹುದು.

ಬ್ರಿಟನ್ ವ್ಯವಸ್ಥೆಗೂ ಇದಕ್ಕೂ ಇರುವ ಅಂತರವನ್ನು ಕಾಫಿ ಸೀಮೆಯವರಿಗೆ ಸುಲಭವಾಗಿ ಹೇಳಬಹುದು. ಬೀಜವನ್ನು ಪಾತಿಯಲ್ಲಿ ಮೊಳೆಯಿಸಿ, ಟೋಪಿ ಹಂತಕ್ಕೆ ಬಂದ ಮೊಳಕೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಬದಲಾಯಿಸಿ, ಬೆಳೆಸಿ, ಮಳೆ ಹಿಡಿದ ಮೇಲೆ ತೋಟದ ಗುಂಡಿಯಲ್ಲಿ ನೆಡುವವರೆಗಿನ ಎಲ್ಲ ಕೆಲಸವನ್ನೂ ಅಮೆರಿಕದ ವಿಶ್ವವಿದ್ಯಾಲಯ ತಾನೇ ವಹಿಸಿಕೊಳ್ಳುತ್ತದೆ. ಬ್ರಿಟನ್ ವಿಶ್ವವಿದ್ಯಾಲಯವಾದರೋ ಗುಂಡಿ ತೆಗೆದಿಟ್ಟು, ನೆಡಲು ಸಿದ್ಧವಾದ ಸಸಿಯನ್ನೇ ತನ್ನಿ ಎನ್ನುತ್ತದೆ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಯಾದ ಮೇಲೆ, ಸ್ನಾತಕೋತ್ತರ ಪದವಿ ಇಲ್ಲದೆಯೂ, ನೇರವಾಗಿ ಪಿಎಚ್.ಡಿ.ಗೆ ಸೇರಲು ಅವಕಾಶವಿರುವುದಕ್ಕೆ ಈ ವ್ಯವಸ್ಥೆಯೇ ಕಾರಣ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಿಂದಲೋ ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆಯಿಂದಲೋ ಬಿ.ಇ. ಮುಗಿಸಿದವರು ಎಂ.ಎಸ್.ಗೆ ಸಾಲ ಮಾಡುವ ಮೊದಲು ಈ ನೇರ ದಾರಿಯನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಸಂಶೋಧನೆಯೇ ಗುರಿಯಾಗಿರುವವರು ಎರಡು ವರ್ಷದ ಶುಲ್ಕ ತೆತ್ತು ಎಂ.ಎಸ್. ಮಾಡಬೇಕಾದ ಅನಿವಾರ್ಯತೆ ಎಲ್ಲರಿಗೂ ಇರುವುದಿಲ್ಲ.

ಹಣದ ವಿಷಯ ಹೀಗಿದೆ. ಪ್ರವೇಶ ಪತ್ರದಲ್ಲಿಯೇ ಬೋಧನಾ ಸಹಾಯಕ ಅಥವಾ ಸಂಶೋಧನಾ ಸಹಾಯಕ ಎಂಬ ನೇಮಕವನ್ನು ನಮೂದಿಸುತ್ತಾರೆ. ಬೋಧನಾ ಸಹಾಯಕರಾದವರು ಪದವಿ ವಿದ್ಯಾರ್ಥಿಗಳ ಪ್ರಯೋಗ ತರಗತಿ ನಡೆಸಬೇಕು, ಉತ್ತರಪತ್ರಿಕೆ ನೋಡಬೇಕು. ಸಂಶೋಧನಾ ಸಹಾಯಕರಾದವರಿಗೆ ಪ್ರಾಧ್ಯಾಪಕರ ಯೋಜನೆಯ ಹಣದಿಂದ ವೇತನ ಬರುತ್ತದೆ. ಎರಡರಲ್ಲಿಯೂ ವಾರಕ್ಕೆ ಸುಮಾರು 20 ಗಂಟೆಯ ಕೆಲಸ. ಬೋಧನಾ ಶುಲ್ಕ ಮನ್ನಾ, ಜೊತೆಗೆ ಜೀವನಕ್ಕೆ ತಿಂಗಳ ಭತ್ಯೆ. ಆ ಭತ್ಯೆಯಿಂದ ಆಸ್ತಿ ಮಾಡಲಾಗದು, ದುಬಾರಿ ನಗರಗಳಲ್ಲಿ ಬಾಡಿಗೆಗೇ ಅರ್ಧ ಹೋಗುತ್ತದೆ, ಆದರೆ ಒಬ್ಬರು ಸಾಲವಿಲ್ಲದೆ ಬದುಕಬಹುದು. ಪ್ರವೇಶ ಸಿಕ್ಕಿದೆ, ಹಣ ಮಾತ್ರ ಇಲ್ಲ ಎಂಬ ಪತ್ರಗಳೂ ಬರುವುದುಂಟು. ಅಂಥ ಪತ್ರವನ್ನು ನಂಬಿ ಹೊರಡುವುದು ಅಪಾಯಕರ ಎಂದೇ ನನ್ನ ಅಭಿಪ್ರಾಯ.

ಅರ್ಜಿಯ ಕಡೆಯ ದಿನ ಬಹುತೇಕ ಕಡೆ ಡಿಸೆಂಬರ್‌ನ ಮೊದಲ ಹದಿನೈದು ದಿನಗಳೊಳಗೆ ಬರುತ್ತದೆ, ಓದು ಮುಂದಿನ ಆಗಸ್ಟ್‌ನಲ್ಲಿ ಆರಂಭವಾಗುತ್ತದೆ. ಸ್ನಾತಕೋತ್ತರ ಓದಿನ ಪ್ರವೇಶಕ್ಕೆ ಬರೆಯುವ ಜಿ.ಆರ್.ಇ. ಪರೀಕ್ಷೆಯನ್ನು 2020ರ ನಂತರ ಅನೇಕ ವಿಭಾಗಗಳು ಕೈಬಿಟ್ಟಿರುವುದರಿಂದ, ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ತಮ್ಮ ವಿಭಾಗ ಅದನ್ನು ಕೇಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಅರ್ಜಿ ಶುಲ್ಕ ಒಂದೊಂದಕ್ಕೂ ನೂರು ಡಾಲರ್ ಆಸುಪಾಸಿನಲ್ಲಿರುತ್ತದೆ. ಕೇಳಿಕೊಂಡರೆ ಮನ್ನಾ ಮಾಡುವ ವಿಭಾಗಗಳಿವೆ, ಆದರೆ ಕೇಳಬಹುದು ಎಂಬುದೇ ನಮ್ಮ ಮಕ್ಕಳಲ್ಲಿ ಹಲವರಿಗೆ ತಿಳಿದಿರುವುದಿಲ್ಲ. ಇನ್ನೊಂದು ರಕ್ಷಣೆಯೂ ಇದೆ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ನಿಯಮದಂತೆ, ಧನಸಹಾಯವಿರುವ ಪ್ರವೇಶಕ್ಕೆ ಏಪ್ರಿಲ್ 15ಕ್ಕಿಂತ ಮೊದಲೇ ಉತ್ತರಿಸಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಎಲ್ಲ ಪತ್ರಗಳೂ ಕೈಸೇರಿದ ಮೇಲೆ ಹೋಲಿಸಿ ನಿರ್ಧರಿಸಬಹುದು.

ಬ್ರಿಟನ್ ಮತ್ತು ಆಸ್ಟ್ರೇಲಿಯಾ: ಪ್ರಶ್ನೆಯೊಂದಿಗೇ ಒಳಗೆ

ಬ್ರಿಟನ್‌ನಲ್ಲಿ ಪಿಎಚ್.ಡಿ.ಯ ಅವಧಿ 3ರಿಂದ 4 ವರ್ಷ. ತರಗತಿಯ ಪಾಠ ಕಡಿಮೆ ಅಥವಾ ಇಲ್ಲವೇ ಇಲ್ಲ. ಏನನ್ನು, ಏಕೆ, ಹೇಗೆ ಸಂಶೋಧಿಸುತ್ತೇನೆ ಎಂಬ ಪ್ರಸ್ತಾವವನ್ನು ಅರ್ಜಿಯ ಜೊತೆಗೇ ಕೊಡಬೇಕು. ಇಲ್ಲವೇ ಪ್ರಾಧ್ಯಾಪಕರು ಮೊದಲೇ ರೂಪಿಸಿ ಹಣ ಹೊಂದಿಸಿಟ್ಟಿರುವ ಯೋಜನೆಗೆ ಅರ್ಜಿ ಹಾಕಬೇಕು. ಮೊದಲ ವರ್ಷದ ಕೊನೆಯ ಹೊತ್ತಿಗೆ ಪ್ರಗತಿ ಪರಿಶೀಲನೆಯೊಂದು ನಡೆಯುತ್ತದೆ. ಅದರಲ್ಲಿ ಗೆದ್ದರೆ ಮಾತ್ರ ಪಿಎಚ್.ಡಿ. ನೋಂದಣಿ ಖಾಯಂ. ಕೊನೆಗೆ ವೈವಾ ಎಂಬ ಮೌಖಿಕ ಪರೀಕ್ಷೆಯನ್ನು ಅದೇ ವಿಶ್ವವಿದ್ಯಾಲಯದ ಒಬ್ಬರು, ಹೊರಗಿನ ಒಬ್ಬರು ಮುಚ್ಚಿದ ಕೋಣೆಯಲ್ಲಿ ನಡೆಸುತ್ತಾರೆ.

ಬ್ರಿಟನ್‌ನ ತೊಡಕು ಹಣದ್ದು. ಅಲ್ಲಿ ಸ್ವದೇಶಿ ವಿದ್ಯಾರ್ಥಿಗೆ ಒಂದು ಶುಲ್ಕ, ಹೊರದೇಶದವರಿಗೆ ಅದರ ಹಲವು ಪಟ್ಟು. ಸರ್ಕಾರಿ ಸಂಶೋಧನಾ ನಿಧಿಯಾದ ಯು.ಕೆ.ಆರ್.ಐ. ಕೊಡುವ ವಿದ್ಯಾರ್ಥಿವೇತನಗಳಿಗೆ 2021ರಿಂದ ಹೊರದೇಶದವರೂ ಅರ್ಜಿ ಹಾಕಬಹುದು, ಆದರೆ ಅವರ ಪಾಲು ಶೇ. 30ನ್ನು ಮೀರುವಂತಿಲ್ಲ. 2025–26ಕ್ಕೆ ಆ ವೇತನದ ಕನಿಷ್ಠ ಮೊತ್ತ ವರ್ಷಕ್ಕೆ 20,780 ಪೌಂಡ್. ಇದಲ್ಲದೆ ಕೇಂಬ್ರಿಜ್‌ನಲ್ಲಿ ಗೇಟ್ಸ್ ಕೇಂಬ್ರಿಜ್, ಆಕ್ಸ್‌ಫರ್ಡ್‌ನಲ್ಲಿ ಕ್ಲಾರೆಂಡನ್ ಮತ್ತು ರೋಡ್ಸ್ ವಿದ್ಯಾರ್ಥಿವೇತನಗಳಿವೆ. ಸ್ಪರ್ಧೆ ಬಲು ಬಿಗಿ. ಬ್ರಿಟನ್‌ನಿಂದ ಪ್ರವೇಶಪತ್ರ ಬಂದಿತೆಂದು ಸಂಭ್ರಮಿಸುವ ಮೊದಲು ಅದರಲ್ಲಿ ಶುಲ್ಕ ಕಟ್ಟುವವರು ಯಾರು ಎಂಬ ಸಾಲನ್ನು ಹುಡುಕಬೇಕು. ಪ್ರವೇಶ ಒಂದು ತೀರ್ಮಾನ, ವಿದ್ಯಾರ್ಥಿವೇತನ ಇನ್ನೊಂದು ತೀರ್ಮಾನ. ಅವು ಎಷ್ಟೋ ಸಲ ಬೇರೆ ಸಮಿತಿಗಳಿಂದ, ಬೇರೆ ತಿಂಗಳಲ್ಲಿ ಬರುತ್ತವೆ.

ಆಸ್ಟ್ರೇಲಿಯಾ ಬ್ರಿಟನ್ ಮಾದರಿಯನ್ನೇ ಅನುಸರಿಸುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ಸಂಶೋಧನಾ ತರಬೇತಿ ಯೋಜನೆಯಡಿ ವಿಶ್ವವಿದ್ಯಾಲಯಗಳು ಶುಲ್ಕ ಮನ್ನಾವನ್ನೂ ಭತ್ಯೆಯನ್ನೂ ನೀಡುತ್ತವೆ. ಬಹುಕಾಲ ಅಲ್ಲಿ ಮೌಖಿಕ ಪರೀಕ್ಷೆಯೇ ಇರಲಿಲ್ಲ; ಮಹಾಪ್ರಬಂಧವನ್ನು ಹೊರಗಿನ ಪರೀಕ್ಷಕರಿಗೆ ಕಳುಹಿಸಿ, ಅವರ ಲಿಖಿತ ವರದಿಯ ಮೇಲೆ ಪದವಿ ಕೊಡುವುದು ರೂಢಿ. ಈಗ ಕೆಲವು ಕಡೆ ಮೌಖಿಕವೂ ಬಂದಿದೆ.

ಯುರೋಪಿನ ದಾರಿ: ಪಿಎಚ್.ಡಿ. ಒಂದು ಉದ್ಯೋಗ

ನಮ್ಮ ಕಡೆ ಅತಿ ಕಡಿಮೆ ಪರಿಚಿತವಾಗಿರುವ, ಆದರೆ ಮಧ್ಯಮ ವರ್ಗದ ಮನೆಗಳಿಗೆ ಬಹುಶಃ ಹೆಚ್ಚು ಹೊಂದುವ ದಾರಿ ಇದು. ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳಲ್ಲಿ ಪಿಎಚ್.ಡಿ. ಸ್ಥಾನವನ್ನು ಬಹುಮಟ್ಟಿಗೆ ಖಾಲಿ ಹುದ್ದೆಯಂತೆಯೇ ಜಾಹೀರಾತು ಮಾಡುತ್ತಾರೆ. ಅರ್ಜಿ, ಸಂದರ್ಶನ, ನೇಮಕಾತಿ ಪತ್ರ, ಸಂಬಳ, ರಜೆ, ತೆರಿಗೆ ಎಲ್ಲವೂ ನೌಕರರಿಗಿರುವಂತೆಯೇ. ಅವಧಿ ನೆದರ್ಲೆಂಡ್ಸ್‌ನಲ್ಲಿ ಸಾಮಾನ್ಯವಾಗಿ 4 ವರ್ಷ, ಡೆನ್ಮಾರ್ಕ್‌ನಲ್ಲಿ 3. ಬೋಧನಾ ಶುಲ್ಕವಿಲ್ಲ, ಅರ್ಜಿ ಶುಲ್ಕವೂ ಇಲ್ಲ. ಪ್ರತಿವರ್ಷ ಒಂದೇ ಕಡೆಯ ದಿನಾಂಕ ಎಂಬುದೂ ಇಲ್ಲಿಲ್ಲ. ಯೋಜನೆಗೆ ಹಣ ಮಂಜೂರಾದಾಗ ಹುದ್ದೆ ತೆರೆಯುತ್ತದೆ. ಆದ್ದರಿಂದ ಐರೋಪ್ಯ ಒಕ್ಕೂಟದ ಯುರ್‌ಆಕ್ಸೆಸ್, ನೆದರ್ಲೆಂಡ್ಸ್‌ನ ಅಕಾಡೆಮಿಕ್ ಟ್ರಾನ್ಸ್‌ಫರ್ ಮುಂತಾದ ಜಾಲತಾಣಗಳನ್ನು ವಾರಕ್ಕೊಮ್ಮೆಯಾದರೂ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು.

ಇಲ್ಲಿ ಮಹಾಪ್ರಬಂಧದ ಸಮರ್ಥನೆ ಸಾರ್ವಜನಿಕ ಸಮಾರಂಭ. ಸ್ವೀಡನ್‌ನಲ್ಲಿ ಸಮರ್ಥನೆಗೆ ಕೆಲವು ವಾರ ಮೊದಲು ಮುದ್ರಿತ ಪ್ರಬಂಧವನ್ನು ವಿಶ್ವವಿದ್ಯಾಲಯದ ಫಲಕಕ್ಕೆ ಸುತ್ತಿಗೆಯಿಂದ ಮೊಳೆ ಹೊಡೆದು ತೂಗುಹಾಕುವ ಪದ್ಧತಿ ಈಗಲೂ ಇದೆ. ಯಾರು ಬೇಕಾದರೂ ಓದಿ ಬಂದು ಪ್ರಶ್ನಿಸಲಿ ಎಂಬುದು ಅದರ ಉದ್ದೇಶ.

ಜರ್ಮನಿಯಲ್ಲಿ ಎರಡು ಕವಲುಗಳಿವೆ. ಒಂದು, ಪ್ರಾಧ್ಯಾಪಕರೊಬ್ಬರನ್ನು ತಾವೇ ಹುಡುಕಿ ಒಪ್ಪಿಸಿ ಅವರ ಕೈಕೆಳಗೆ ಸಂಶೋಧಿಸುವ ವೈಯಕ್ತಿಕ ದಾರಿ. ಇನ್ನೊಂದು, ಪಾಠ, ಕಾರ್ಯಾಗಾರ ಹಾಗೂ ಮಾರ್ಗದರ್ಶಕರ ಸಮಿತಿ ಇರುವ ಸಂಘಟಿತ ಶಾಲೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ವಿಶ್ವವಿದ್ಯಾಲಯಗಳ ಜೊತೆಗೂಡಿ ನಡೆಸುವ ಅಂತರರಾಷ್ಟ್ರೀಯ ಸಂಶೋಧನಾ ಶಾಲೆಗಳು ಇದಕ್ಕೆ ಉದಾಹರಣೆ. ಹೆಚ್ಚಿನವರಿಗೆ ಸರ್ಕಾರಿ ವೇತನಶ್ರೇಣಿಯ ಇ-13 ದರ್ಜೆಯಲ್ಲಿ ನೇಮಕವಾಗುತ್ತದೆ, ಆದರೆ ಅದು ಪೂರ್ಣ ಹುದ್ದೆಯಾಗಿರದೆ ಶೇ. 50, 65 ಅಥವಾ 75ರ ಹುದ್ದೆಯಾಗಿರುವುದೇ ಹೆಚ್ಚು. ಸಂಬಳ ಅಷ್ಟು ಪಾಲು, ಉಳಿದ ವೇಳೆ ಸ್ವಂತ ಪ್ರಬಂಧಕ್ಕೆ ಎಂಬುದು ಇದರ ತಾತ್ಪರ್ಯ. ಜಾಹೀರಾತಿನಲ್ಲಿ ಈ ಶೇಕಡಾವಾರನ್ನು ಗಮನಿಸದೆ ಪೂರ್ಣ ಸಂಬಳವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ. 1925ರಲ್ಲಿ ಸ್ಥಾಪನೆಯಾದ, ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್‌ನ ವಿದ್ಯಾರ್ಥಿವೇತನ ಇನ್ನೊಂದು ಆಸರೆ.

ಹಲವು ಸಂಸ್ಥೆಗಳು ಒಟ್ಟಾಗಿ ನಡೆಸುವ, ಐರೋಪ್ಯ ಒಕ್ಕೂಟದ ಮರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಡಾಕ್ಟರಲ್ ಜಾಲಗಳು ಇದೇ ಉದ್ಯೋಗ ಮಾದರಿಯವು. ಇವಕ್ಕೆ ಒಂದು ವಿಶೇಷ ಷರತ್ತಿದೆ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ಅಭ್ಯರ್ಥಿಯು ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ನೇರವಾಗಿ ಕರ್ನಾಟಕದಿಂದ ಅರ್ಜಿ ಹಾಕುವವರಿಗೆ ಇದು ಅನುಕೂಲವೇ; ಅಲ್ಲೇ ಎಂ.ಎಸ್. ಓದುತ್ತಿರುವವರು ಅದೇ ದೇಶದ ಸ್ಥಾನಕ್ಕೆ ಅನರ್ಹರಾಗಬಹುದು.

ಮೂರು ವರ್ಷದ ಪದವಿಯವರ ಗತಿ ಏನು?

ಈಗ ಆರಂಭದ ಪ್ರಶ್ನೆಗೆ ಬರಬಹುದು. ಮೂರು ವರ್ಷದ ಬಿ.ಎಸ್ಸಿ. ಅಥವಾ ಬಿ.ಎ. ಮಾತ್ರ ಇದ್ದರೆ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನೇರ ಪಿಎಚ್.ಡಿ.ಗೆ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿನ ಪದವಿ ನಾಲ್ಕು ವರ್ಷದ್ದು. ಯುರೋಪಿನಲ್ಲಿ ಈ ಅಡಚಣೆ ಬೇರೆ ರೂಪದಲ್ಲಿದೆ: ಅಲ್ಲಿ ಪದವಿ ಮೂರು ವರ್ಷದ್ದಾದರೂ ಪಿಎಚ್.ಡಿ.ಗೆ ಸ್ನಾತಕೋತ್ತರ ಪದವಿ ಬಹುಮಟ್ಟಿಗೆ ಕಡ್ಡಾಯ. ಎರಡಕ್ಕೂ ಪರಿಹಾರ ಒಂದೇ. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂ.ಎಸ್ಸಿ. ಅಥವಾ ಎಂ.ಎ. ಮಾಡಿದರೆ ಒಟ್ಟು ಐದು ವರ್ಷದ ಓದಾಗುತ್ತದೆ. ಅದು ಈ ಎಲ್ಲ ದೇಶಗಳಲ್ಲೂ ಸಾಮಾನ್ಯವಾಗಿ ಸಾಕಾಗುತ್ತದೆ. ಹಾಸನದ ಹೇಮಗಂಗೋತ್ರಿಯಲ್ಲೋ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲೋ ಕಡಿಮೆ ಖರ್ಚಿನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಅರ್ಜಿ ಹಾಕುವ ವಿದ್ಯಾರ್ಥಿ ಯಾವ ರೀತಿಯಲ್ಲೂ ಹಿಂದೆ ಬಿದ್ದಿರುವುದಿಲ್ಲ. ನಾಲ್ಕನೆಯ ವರ್ಷ ಹೋದದ್ದರಿಂದ ಮುಚ್ಚಿದ್ದು ಒಂದು ಒಳದಾರಿ ಮಾತ್ರ.

ಎಂ.ಎಸ್ಸಿ.ಯಲ್ಲಿ ಮಾಡುವ ಕಿರುಪ್ರಬಂಧ ಇಲ್ಲಿ ನಿರ್ಣಾಯಕವಾಗುತ್ತದೆ. ಹಿಂದಿನ ವರ್ಷದವರ ಪ್ರಾಜೆಕ್ಟ್ ವರದಿಯನ್ನು ಅಲ್ಲಲ್ಲಿ ಬದಲಿಸಿ ಬೈಂಡ್ ಮಾಡಿಸಿ ಕೊಡುವ ಅಭ್ಯಾಸ ಎಷ್ಟೋ ಕಡೆ ಬೇರೂರಿದೆ. ಹೊರದೇಶದ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ: ನೀವು ಏನನ್ನು ಅಳೆದಿರಿ, ಅದು ತಪ್ಪಾಗಿರಬಹುದೆಂದು ಹೇಗೆ ಪರೀಕ್ಷಿಸಿದಿರಿ? ಸ್ವಂತ ಕೆಲಸ ಮಾಡದವರು ಅಲ್ಲಿಯೇ ನಿಂತುಹೋಗುತ್ತಾರೆ. ಅಂಕಪಟ್ಟಿಯಲ್ಲಿ ನಾಲ್ಕು ಅಂಕ ಕಡಿಮೆಯಿದ್ದರೂ, ತಾನೇ ಮಾಡಿದ ಒಂದು ಸಣ್ಣ ಪ್ರಯೋಗವನ್ನು ಅದರ ದೋಷಗಳ ಸಮೇತ ವಿವರಿಸಬಲ್ಲವರಿಗೆ ಸ್ಥಾನ ಸಿಗುತ್ತದೆ.

ಪ್ರಶ್ನೆಯನ್ನು ಕಟ್ಟುವುದು, ಪ್ರಾಧ್ಯಾಪಕರಿಗೆ ಬರೆಯುವುದು

ಬ್ರಿಟನ್‌ಗಾಗಲಿ ಜರ್ಮನಿಗಾಗಲಿ ಅರ್ಜಿ ಹಾಕುವ ಮೊದಲು, ಅನೇಕ ಸಲ ಅಮೆರಿಕಕ್ಕೂ, ಮಾರ್ಗದರ್ಶಕರಾಗಬಹುದಾದವರಿಗೆ ಇ-ಮೇಲ್ ಬರೆಯಬೇಕಾಗುತ್ತದೆ. ಇದು ಹೇಗಿರಬೇಕೆಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರ ಮನೆಯ ಹುಡುಗಿಯೊಬ್ಬಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಕಾಫಿಯ ಕೀಟಗಳ ಬಗ್ಗೆ ಸಂಶೋಧಿಸಬೇಕೆಂಬುದು ಅವಳ ಆಸೆ. ಇಷ್ಟು ಬರೆದರೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ಅವಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅರೇಬಿಕಾ ಗಿಡಗಳನ್ನು ಕೊಲ್ಲುವ ಬಿಳಿ ಕಾಂಡಕೊರಕದ ಮೇಲೆ ಕೆಲಸ ಮಾಡುತ್ತೇನೆ ಎಂದರೆ ವ್ಯಾಪ್ತಿ ಕಿರಿದಾಯಿತು. ಈ ಕೀಟ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡವನ್ನು ಕೊರೆಯುತ್ತದೆ, ನೆರಳು ಕಡಿಮೆಯಾದ ಬಿಸಿಲು ತೋಟಗಳಲ್ಲಿ ಇದರ ಹಾವಳಿ ಹೆಚ್ಚು, ರೊಬಸ್ಟಾಕ್ಕೆ ಇದರ ಕಾಟ ಕಡಿಮೆ. ಇಷ್ಟೂ ಬೆಳೆಗಾರರಿಗೆ ಗೊತ್ತಿರುವುದೇ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಕೆಲಸವನ್ನೂ ಇತರ ದೇಶಗಳ ಲೇಖನಗಳನ್ನೂ ಓದಿದ ಮೇಲೆ ಅವಳು ಹೀಗೆ ಕೇಳಬಲ್ಲಳು: ಸಿಲ್ವರ್ ಓಕ್ ಒಂದೇ ನೆರಳಾಗಿರುವ ತೋಟಕ್ಕೂ ಹಲಸು, ಅತ್ತಿ, ಕಾಡುಮರಗಳ ಮಿಶ್ರ ನೆರಳಿರುವ ತೋಟಕ್ಕೂ ನಡುವೆ, ಕೀಟ ಹಾರಾಡುವ ಕಾಲದಲ್ಲಿ ಕಾಂಡದ ಮೇಲ್ಮೈಯ ಉಷ್ಣತೆಯಲ್ಲಿ ಎಷ್ಟು ವ್ಯತ್ಯಾಸವಿರುತ್ತದೆ, ಮೊಟ್ಟೆಯ ಸಂಖ್ಯೆ ಅದರೊಂದಿಗೆ ಏರಿಳಿಯುತ್ತದೆಯೇ? ಇದನ್ನು ಅಳೆಯಬಹುದು, ಉತ್ತರ ಹೌದೂ ಆಗಬಹುದು, ಅಲ್ಲವೂ ಆಗಬಹುದು. ಸಂಶೋಧನಾ ಪ್ರಶ್ನೆಯ ಲಕ್ಷಣವೇ ಅದು.

ಪತ್ರದಲ್ಲಿ ನಾಲ್ಕೈದು ವಾಕ್ಯಗಳು ಸಾಕು: ತಾನು ಯಾರು, ಎಂ.ಎಸ್ಸಿ.ಯಲ್ಲಿ ಏನನ್ನು ಅಳೆದೆ, ಪ್ರಾಧ್ಯಾಪಕರ ಯಾವ ಲೇಖನದ ಯಾವ ಅಂಶದಿಂದ ಈ ಪ್ರಶ್ನೆ ಹುಟ್ಟಿತು, ಮುಂದಿನ ವರ್ಷ ಅವರಲ್ಲಿ ಧನಸಹಾಯವಿರುವ ಸ್ಥಾನವಿದೆಯೇ. ಜೊತೆಗೆ ಎರಡು ಪುಟದ ಸ್ವವಿವರ. ನಮ್ಮ ಶಾಲೆಯ ರಜಾಚೀಟಿಯ ಧಾಟಿಯಲ್ಲಿ ಅತಿವಿನಯದ ಮಾತುಗಳನ್ನು ಪೇರಿಸುವ ಅಗತ್ಯವಿಲ್ಲ. ಒಂದೇ ಪತ್ರವನ್ನು ಹೆಸರು ಬದಲಿಸಿ ನೂರು ಜನರಿಗೆ ಕಳುಹಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಬಹುದು. ಮೌನವನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ, ಅವರ ಬಳಿ ಹಣವಿಲ್ಲದಿರುವುದೂ ಕಾರಣವಿರಬಹುದು.

ಶಿಫಾರಸು ಪತ್ರಗಳ ಬಗ್ಗೆ ಒಂದು ಮಾತು. ಅಮೆರಿಕಕ್ಕೆ ಸಾಮಾನ್ಯವಾಗಿ ಮೂರು, ಬ್ರಿಟನ್‌ಗೆ ಎರಡು ಬೇಕು. ಇವಳು ಶ್ರದ್ಧಾವಂತೆ, ಸಮಯಪಾಲಕಿ, ಸನ್ನಡತೆಯವಳು ಎಂಬ ಪತ್ರದಿಂದ ಪ್ರಯೋಜನವಿಲ್ಲ. ಉಪಕರಣ ಕೆಟ್ಟಾಗ ಇವಳು ಏನು ಮಾಡಿದಳು, ತನ್ನ ಅಂಕಿಅಂಶದಲ್ಲಿದ್ದ ತಪ್ಪನ್ನು ಹೇಗೆ ಕಂಡುಹಿಡಿದಳು ಎಂಬ ಒಂದು ಘಟನೆಯನ್ನು ಮೇಷ್ಟ್ರು ಬರೆದರೆ ಅದಕ್ಕೆ ತೂಕ ಬರುತ್ತದೆ. ಪತ್ರವನ್ನು ಶಿಕ್ಷಕರೇ ಕಾಲೇಜಿನ ಅಧಿಕೃತ ಇ-ಮೇಲ್‌ನಿಂದ ನೇರವಾಗಿ ಕಳುಹಿಸಬೇಕೆಂದು ಅನೇಕ ಕಡೆ ಕೇಳುತ್ತಾರೆ. ಜಿಲ್ಲಾ ಕೇಂದ್ರದ ಎಷ್ಟೋ ಕಾಲೇಜುಗಳಲ್ಲಿ ಶಿಕ್ಷಕರಿಗೆ ಅಂಥ ವಿಳಾಸವೇ ಇರುವುದಿಲ್ಲವಾದ್ದರಿಂದ, ಪ್ರಾಂಶುಪಾಲರನ್ನು ಕಂಡು ಅದನ್ನು ತಿಂಗಳುಗಳ ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಭಾರತದಲ್ಲಿ ನೋಂದಾಯಿಸಿ ಹೊರಗೆ ಹೋಗುವುದು

ಮನೆ ಬಿಟ್ಟು ಐದು ವರ್ಷ ದೂರವಿರಲಾಗದವರಿಗೆ ನಡುವಿನ ದಾರಿಗಳಿವೆ. ಭಾರತದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿರುವವರು ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್ ಮೂಲಕ 6ರಿಂದ 9 ತಿಂಗಳು ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ ಬರಬಹುದು. ಫ್ರಾನ್ಸಿಗೆ ಹೋಗಲು ರಾಮನ್-ಶಾರ್ಪಾಕ್ ಫೆಲೋಶಿಪ್ ಇದೆ. ಡಾಡ್ ಸಂಸ್ಥೆಯು ಎರಡು ದೇಶಗಳ ಮಾರ್ಗದರ್ಶಕರಿರುವ ಡಾಕ್ಟರೇಟ್‌ಗೂ ನೆರವು ಕೊಡುತ್ತದೆ. ಇವುಗಳಲ್ಲಿ ಮೊದಲೆರಡರಲ್ಲಿ ಪದವಿ ಭಾರತದ ವಿಶ್ವವಿದ್ಯಾಲಯದ್ದೇ.

ಇದಕ್ಕಿಂತ ಭಿನ್ನವಾದದ್ದು ಜಂಟಿ ಪದವಿ. ಬಾಂಬೆ ಐ.ಐ.ಟಿ. ಮತ್ತು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿದ ಸಂಶೋಧನಾ ಅಕಾಡೆಮಿಯಲ್ಲಿ ವಿದ್ಯಾರ್ಥಿ ಹೆಚ್ಚು ಕಾಲ ಮುಂಬೈಯಲ್ಲಿದ್ದು, ಸ್ವಲ್ಪ ಕಾಲ ಆಸ್ಟ್ರೇಲಿಯಾದಲ್ಲಿದ್ದು, ಎರಡೂ ಸಂಸ್ಥೆಗಳ ಹೆಸರಿನ ಪದವಿ ಪಡೆಯುತ್ತಾನೆ. ದೆಹಲಿ ಐ.ಐ.ಟಿ.ಯೂ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯವೂ ಇಂಥದ್ದೇ ಅಕಾಡೆಮಿ ನಡೆಸುತ್ತವೆ.

ನಮ್ಮ ಸರ್ಕಾರ ಕೊಡುವ ನೆರವು

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಹೊರದೇಶದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಓದಿಗೆ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರು ಇದಕ್ಕೆ ಅರ್ಹರು. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು, ವಯಸ್ಸು 35ರೊಳಗಿರಬೇಕು, ದೇಶಕ್ಕೆಲ್ಲ ಸೇರಿ 125 ಸ್ಥಾನ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಲ್ಲಿ 20 ಸ್ಥಾನಗಳಿವೆ.

ಹಾಸನದವರು ಗಮನಿಸಲೇಬೇಕಾದ ಅಂಶವೊಂದು ಇಲ್ಲಿದೆ. ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆಯು 2022–23ರ ಮಾರ್ಗಸೂಚಿಯಿಂದೀಚೆಗೆ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತೀಯ ಸಮಾಜ ಕುರಿತ ಸಂಶೋಧನೆಯನ್ನು ಹೊರಗಿಟ್ಟಿದೆ. ಬೇಲೂರು, ಹಳೇಬೀಡುಗಳ ಹೊಯ್ಸಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಶಿಲ್ಪ, ಶಾಸನಗಳ ಕುರಿತು ಹೊರದೇಶದಲ್ಲಿ ಪಿಎಚ್.ಡಿ. ಮಾಡಬೇಕೆಂದು ಬಯಸುವವರಿಗೆ ಈ ಯೋಜನೆಯ ಹಣ ದೊರೆಯದು. ಅಂಥವರು ವಿಶ್ವವಿದ್ಯಾಲಯದ ಸ್ವಂತ ವೇತನವನ್ನೇ ಅವಲಂಬಿಸಬೇಕು. ನಮ್ಮ ಜಿಲ್ಲೆಯ ಮಗುವಿಗೆ ತನ್ನ ಊರಿನ ಗುಡಿಯನ್ನು ಅಧ್ಯಯನ ಮಾಡಲು ಈ ನೆರವು ಸಿಗದಿರುವುದು ನನಗೆ ನೋವಿನ ಸಂಗತಿ. ಇದಲ್ಲದೆ, 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿ ಎಲ್ಲ ಸಮುದಾಯದವರಿಗೂ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಮೊದಲ ವಿಮಾನಯಾನ, ಮುಂಗಡ ಬಾಡಿಗೆಯಂಥ ಆರಂಭದ ಖರ್ಚಿಗೆ ಅದು ಒದಗುತ್ತದೆ.

ವೀಸಾ ಮತ್ತು ಕುಟುಂಬ

ಅಮೆರಿಕಕ್ಕೆ ಎಫ್-1 ವೀಸಾ. ವಿಶ್ವವಿದ್ಯಾಲಯ ಕಳುಹಿಸುವ ಐ-20 ಪತ್ರದಲ್ಲಿ ಹಣದ ಮೂಲ ನಮೂದಾಗಿರುವುದರಿಂದ, ವೇತನವಿರುವ ಪಿಎಚ್.ಡಿ. ವಿದ್ಯಾರ್ಥಿ ತಂದೆಯ ಬ್ಯಾಂಕ್ ಖಾತೆಯಲ್ಲಿ ದೊಡ್ಡ ಮೊತ್ತ ತೋರಿಸಬೇಕಾದ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಬ್ರಿಟನ್‌ಗೆ ಹೋಗುವ ಎಂಜಿನಿಯರಿಂಗ್, ಭೌತಶಾಸ್ತ್ರದಂಥ ಕೆಲವು ವಿಷಯಗಳವರು ಏಟಾಸ್ ಎಂಬ ಭದ್ರತಾ ಅನುಮತಿಯನ್ನು ಮೊದಲು ಪಡೆಯಬೇಕು. ಶುಲ್ಕವಿಲ್ಲದಿದ್ದರೂ ವಾರಗಳು ಹಿಡಿಯುತ್ತವೆ. 2024ರ ಜನವರಿಯಿಂದ ಬ್ರಿಟನ್ ಪಾಠಾಧಾರಿತ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಗಾತಿ, ಮಕ್ಕಳನ್ನು ಕರೆತರುವ ಅವಕಾಶವನ್ನು ನಿಲ್ಲಿಸಿದೆ, ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಉಳಿಸಿದೆ. ಮದುವೆಯಾದ ಹೆಣ್ಣುಮಕ್ಕಳು ಈ ನಿಯಮವನ್ನು ತಿಳಿದಿರಬೇಕು. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರ್‌ನಿಂದ ಎ.ಪಿ.ಎಸ್. ಎಂಬ ದಾಖಲೆ ಪರಿಶೀಲನಾ ಪ್ರಮಾಣಪತ್ರ ಬೇಕಾಗಿದೆ. ಕೆಲವು ವಿದ್ಯಾರ್ಥಿವೇತನದವರಿಗೆ ವಿನಾಯಿತಿ ಇದೆ. ಕರ್ನಾಟಕದವರ ವೀಸಾ ಅರ್ಜಿಯನ್ನು ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್.

ಹಿಂದಿರುಗಿದ ಮೇಲೆ ಮಾನ್ಯತೆ

ಪದವಿ ಪಡೆದು ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿರುವವರು ಹೊರಡುವ ಮೊದಲೇ ಎರಡು ನಿಯಮ ಓದಿಕೊಳ್ಳಬೇಕು. ಒಂದು, ವಿದೇಶಿ ಪದವಿಗೆ ಸಮಾನತೆ ಪ್ರಮಾಣಪತ್ರ. ಇದನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಾ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) ಇದಕ್ಕಾಗಿಯೇ ಹೊಸ ನಿಯಮಾವಳಿ ಪ್ರಕಟಿಸಿದೆ. ಫ್ರಾಂಚೈಸಿ ವ್ಯವಸ್ಥೆಯಲ್ಲಿ, ಅಂದರೆ ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೇರೊಂದು ಸಂಸ್ಥೆ ನಡೆಸುವ ಕಡೆ, ಪಡೆದ ಪದವಿಗೆ ಅದರಡಿ ಮಾನ್ಯತೆಯಿಲ್ಲ. ಮನೆಯಲ್ಲೇ ಕುಳಿತು ಕೆಲವೇ ತಿಂಗಳಲ್ಲಿ ವಿದೇಶಿ ಪಿಎಚ್.ಡಿ. ಎಂಬ ಜಾಹೀರಾತಿಗೆ ಹಣ ಕಟ್ಟುವವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ವರ್ಷಗಳನ್ನೂ ಕೂಡ.

ಇನ್ನೊಂದು, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ. ಯು.ಜಿ.ಸಿ.ಯ 2018ರ ನಿಯಮದ ಪ್ರಕಾರ, ಕ್ಯೂ.ಎಸ್., ಟೈಮ್ಸ್ ಹೈಯರ್ ಎಜುಕೇಶನ್ ಅಥವಾ ಶಾಂಘೈ ಶ್ರೇಯಾಂಕ ಪಟ್ಟಿಯಲ್ಲಿ ಯಾವಾಗಲಾದರೂ ಮೊದಲ 500ರೊಳಗೆ ಬಂದಿರುವ ವಿದೇಶಿ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದವರು ಎನ್.ಇ.ಟಿ. (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲದೆಯೂ ಆ ಹುದ್ದೆಗೆ ಅರ್ಹರು. ಪ್ರವೇಶಪತ್ರವನ್ನು ಒಪ್ಪಿಕೊಳ್ಳುವ ಮೊದಲು ಈ ಮೂರೂ ಪಟ್ಟಿಗಳಲ್ಲಿ ತಮ್ಮ ವಿಶ್ವವಿದ್ಯಾಲಯದ ಹೆಸರನ್ನು ಹುಡುಕಿ, ಆ ಪುಟವನ್ನು ವರ್ಷದ ನಮೂದಿನೊಂದಿಗೆ ಮುದ್ರಿಸಿ, ಅಂಕಪಟ್ಟಿಗಳ ಜೊತೆಯಲ್ಲೇ ಕಡತದಲ್ಲಿ ಇಟ್ಟುಕೊಂಡಿರಬೇಕು.